ಬರಲಿರುವ ಪದಸಂಸ್ಕಾರಕಕ್ಕೆ ಕರಡು ತಿದ್ದುವವನ ಬೇಡಿಕೆಗಳು

ಪರಿಚಯದ ತಂತ್ರಜ್ಞರೊಬ್ಬರು ಕನ್ನಡಕ್ಕೆಂದೇ ಒಂದು ಪದಸಂಸ್ಕಾರಕವನ್ನು, ಅಂದರೆ ಕಂಪ್ಯೂಟರಿನಲ್ಲಿ ಬರೆದು ತಿದ್ದುವ ತಂತ್ರಾಂಶವನ್ನು, ಸಿದ್ಧಪಡಿಸುತ್ತಿದ್ದು, ಅದರಲ್ಲಿ ಬರಲಿರುವ ಸೌಲಭ್ಯಗಳ ಪಟ್ಟಿಯನ್ನು ಕಳೆದ ವಾರ ನನಗೆ ಕಳುಹಿಸಿ ಅಭಿಪ್ರಾಯ ಕೇಳಿದ್ದರು. ಸಿದ್ಧ ಪುಟವಿನ್ಯಾಸಗಳು, ಕಡತವನ್ನು ಅಂತರಜಾಲದಲ್ಲಿ ತಾನಾಗಿಯೇ ಉಳಿಸುವ ಏರ್ಪಾಡು, ಬಾಯಲ್ಲಿ ಹೇಳಿದ್ದನ್ನು ಬೆರಳಚ್ಚಿಸುವ ವ್ಯವಸ್ಥೆ ಎಲ್ಲವೂ ಅದರಲ್ಲಿದ್ದವು. ಹುಡುಕುವ ಸೌಲಭ್ಯಕ್ಕೆ ಮಾತ್ರ ಒಂದೇ ಸಾಲು ಮೀಸಲಾಗಿತ್ತು. ಹಲವು ವರ್ಷಗಳಿಂದ ಕರಡು ತಿದ್ದುತ್ತಿರುವ ನಾನು ಆ ಒಂದು ಸಾಲನ್ನು ಹಿಡಿದುಕೊಂಡೇ ದೀರ್ಘವಾದ ಉತ್ತರ ಬರೆದೆ.

ಸಿನಿಮಾ ಲೇಖನಗಳ ಸಂಕಲನವೊಂದರ ಕರಡು ನೋಡುವಾಗ ‘ರಾಜ್‌ಕುಮಾರ್’ ಎಂಬ ಹೆಸರು ಎಲ್ಲೆಲ್ಲಿ ಬಂದಿದೆಯೆಂದು ಹುಡುಕಿದ್ದೆ. ಕಣ್ಣೆದುರಿನ ಪುಟದಲ್ಲಿಯೇ ಇದ್ದ ಹೆಸರನ್ನು ಕಂಪ್ಯೂಟರು ಇಲ್ಲವೆಂದಿತು. ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಹಾಕಬೇಕಾಗುತ್ತದೆ. ಒಬ್ಬ ಲೇಖಕರು ಅದನ್ನು ಹಾಕಿದ್ದರು, ಇನ್ನೊಬ್ಬರು ಹಾಕದೆ ‘ರಾಜ್ಕುಮಾರ್’ ಎಂದೇ ಬಿಟ್ಟಿದ್ದರು. ‘ರ‍್ಯಾಂಕ್’ ಪದದ್ದು ಇನ್ನೂ ಸೂಕ್ಷ್ಮವಾದ ತೊಡಕು. ಇಲ್ಲಿ ಅರ್ಕಾವೊತ್ತು ಬಾರದಂತೆ ಹಾಕುವ ಅದೃಶ್ಯ ಸಂಕೇತವು ರಕಾರದ ನಂತರ, ಸ್ವರವಿಲ್ಲವೆಂದು ಸೂಚಿಸುವ ಹಲಂತಕ್ಕೆ ಮೊದಲು ಇರಬೇಕೆಂಬುದು, ಪ್ರತಿ ಅಕ್ಷರಚಿಹ್ನೆಗೂ ಒಂದು ಸಂಖ್ಯೆ ಕೊಡುವ ಜಾಗತಿಕ ಪದ್ಧತಿಯಾದ ಯೂನಿಕೋಡಿನ ಈಗಿನ ಕ್ರಮವಾದರೂ, ಹಳೆಯ ಕಡತಗಳಲ್ಲಿ ಅದು ಹಲಂತದ ನಂತರ ಇರುವುದುಂಟು. ಇವೆಲ್ಲಕ್ಕಿಂತ ಹೆಚ್ಚು ನನ್ನ ಕಣ್ಣು ದಣಿಸಿರುವುದು ಅನುಸ್ವಾರದ ಜಾಗದಲ್ಲಿ ಕೂರುವ ಸೊನ್ನೆ. ‘ಬೆ೦ಗಳೂರು’ ಎಂದು ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿ ಬರೆದರೂ ತೆರೆಯ ಮೇಲೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುವುದರಿಂದ ಯಾರ ಗಮನಕ್ಕೂ ಬಾರದೆ, ಅದು ಹುಡುಕಾಟದಲ್ಲಿಯೂ ಪದಸೂಚಿಯಲ್ಲಿಯೂ ಬೇರೆಯೇ ಊರಾಗಿ ಉಳಿಯುತ್ತದೆ. ಬರಹಗಾರನಿಗೆ ಒಂದೇ ಆಗಿ ಕಾಣುವ ರೂಪಗಳನ್ನು ಹುಡುಕುವಾಗ ಒಂದೇ ಎಂದು ಎಣಿಸುವುದು, ಪದದ ನಡುವೆ ಸೊನ್ನೆ ಬಂದರೆ ಎಚ್ಚರಿಸುವುದು, ಬೇಕೆಂದಾಗ ಅದೃಶ್ಯ ಸಂಕೇತಗಳನ್ನು ತಿಳಿಬಣ್ಣದಲ್ಲಿ ತೋರಿಸುವುದು, ಈ ಮೂರು ನನ್ನ ಮೊದಲ ಬೇಡಿಕೆಗಳು.

ಎರಡನೆಯದು ಹಳೆಯ ಕಡತಗಳ ವಿಷಯ. ಯೂನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಸಿದ್ಧವಾದ ಪುಸ್ತಕಗಳು ಇಂದಿಗೂ ಪ್ರಕಾಶಕರ ಬಳಿ ರಾಶಿಬಿದ್ದಿವೆ. ಯೂನಿಕೋಡನ್ನು ಅರಿಯದ ಪುಟವಿನ್ಯಾಸ ತಂತ್ರಾಂಶ ಪೇಜ್‌ಮೇಕರ್ ನೆಚ್ಚಿಕೊಂಡಿದ್ದ ಡಿಟಿಪಿ ಅಂಗಡಿಗಳಿಗೆ ಆ ಪದ್ಧತಿಯನ್ನು ಬಿಡುವುದು ಸುಲಭವೂ ಆಗಿರಲಿಲ್ಲ. ಅಂತಹ ಕಡತವನ್ನು ಅದರ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದವು ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನರ ಜೋಡಿ ಎಸ್ ಅಕ್ಷರ ಹೀಗೆ ಸಾಲಾಗಿ ಕಾಣಿಸುತ್ತದೆ. ಆ ಓರೆಗೆರೆಯ ಎ ನಮ್ಮ ತಲೆಕಟ್ಟು, ಜರ್ಮನ್ ಅಕ್ಷರವು ನಕಾರದ ಒತ್ತು ಎಂದು ತಿಳಿದವರಿಗೆ ಇದನ್ನು ಓದುವುದು ಒಂದು ಬಗೆಯ ವಿನೋದವಾದೀತು. ಪರಿವರ್ತಕಗಳು ಈಗಲೂ ಇವೆ, ಆದರೆ ನಾನು ಬಳಸಿದ ಒಂದು ಪರಿವರ್ತಕವು ಫಾಂಟನ್ನು ಗಮನಿಸದೆ ಇಡೀ ಪಠ್ಯವನ್ನು ಒಂದೇ ಸಮನೆ ಬದಲಿಸಿ, ಅಡಿಟಿಪ್ಪಣಿಗಳಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಹೆಸರುಗಳನ್ನೂ ಅರ್ಥವಿಲ್ಲದ ಕನ್ನಡವಾಗಿಸಿತ್ತು, ಅವನ್ನೆಲ್ಲ ಮೂಲ ಪ್ರತಿ ನೋಡಿ ಮರಳಿ ಬೆರಳಚ್ಚಿಸುವುದರಲ್ಲಿ ಎರಡು ದಿನ ಕಳೆದವು. ಹೊಸ ತಂತ್ರಾಂಶವು ಪ್ರತಿ ತುಣುಕಿನ ಫಾಂಟ್ ಯಾವುದೆಂದು ನೋಡಿಕೊಂಡು, ಕನ್ನಡದ್ದನ್ನು ಮಾತ್ರ ಬದಲಿಸಬೇಕು.

ಅಕಾರಾದಿ ಜೋಡಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ವರ್ಣಮಾಲೆಯಲ್ಲಿ ಹಕಾರದ ನಂತರ ಬರುವ ಳಕಾರವು ಯೂನಿಕೋಡ್ ಕೋಷ್ಟಕದಲ್ಲಿ ಲಕಾರದ ಬೆನ್ನಿಗೇ ಇದೆ. ಬರಿಯ ಸಂಖ್ಯಾಕ್ರಮವನ್ನು ನಂಬಿದರೆ ‘ಬೆಳಕು’ ಪದವು ‘ಬೆವರು’, ‘ಬೆಸುಗೆ’ಗಳಿಗಿಂತ ಮೊದಲು ಬಂದು ಕೂರುತ್ತದೆ.

ಎಣಿಕೆಯೂ ಹೀಗೆಯೇ. ‘ಲಕ್ಷ್ಮಿ’ ಎಂಬಲ್ಲಿ ನಮಗೆ ಎರಡು ಅಕ್ಷರ, ಯೂನಿಕೋಡಿನ ಪ್ರಕಾರ ಏಳು ಸಂಕೇತ. ಛಂದಸ್ಸಿನ ಅಭ್ಯಾಸಿಗಳಿಗೂ ಶೀರ್ಷಿಕೆಯ ಉದ್ದ ಅಳೆಯುವ ಪತ್ರಕರ್ತರಿಗೂ ಬೇಕಾಗಿರುವುದು ಎರಡು ಎಂಬ ಉತ್ತರವೇ. ಅಳಿಸುವಾಗ ಮಾತ್ರ ಬ್ಯಾಕ್‌ಸ್ಪೇಸ್ ಒಮ್ಮೆಗೆ ಒಂದೊಂದೇ ಸಂಕೇತವನ್ನು ತೆಗೆಯಲಿ, ಗುಡಿಸಿನ ಬದಲು ದೀರ್ಘ ಹಾಕುವುದಕ್ಕಾಗಿ ಇಡೀ ಒತ್ತಕ್ಷರವನ್ನು ಮತ್ತೆ ಕಟ್ಟುವ ಕಷ್ಟ ಬೇಡ.

ಕಾಗುಣಿತ ಪರೀಕ್ಷಕದ ವಿಷಯದಲ್ಲಿ ನನಗೆ ಅಷ್ಟು ಭರವಸೆಯಿಲ್ಲ. ‘ಮನೆ’ ಪದಪಟ್ಟಿಯಲ್ಲಿದ್ದರೂ ‘ಮನೆಯಲ್ಲಿದ್ದವರಿಗೂ’ ಇರುವುದಿಲ್ಲ; ಪ್ರತ್ಯಯಗಳನ್ನೂ ಸಂಧಿಯನ್ನೂ ಬಿಡಿಸಿ ನೋಡಲಾರದ ಪರೀಕ್ಷಕವು ಶುದ್ಧ ಕನ್ನಡದ ಅಡಿಯಲ್ಲೆಲ್ಲ ಕೆಂಪು ಗೆರೆ ಎಳೆದು, ಬಳಸುವವರು ಅದನ್ನು ಮುಚ್ಚಿಬಿಡುವಂತೆ ಮಾಡುತ್ತದೆ. ಅರೆಬೆಂದದ್ದನ್ನು ಬಡಿಸುವುದಕ್ಕಿಂತ ಮುಂದಿನ ಆವೃತ್ತಿಗೆ ಮುಂದೂಡುವುದೇ ಲೇಸೆಂದು ಬರೆದಿದ್ದೇನೆ. ಸಾಲುಗಳ ನಡುವಿನ ಅಂತರವನ್ನು ಕಿರಿದು ಮಾಡಿದಾಗ ‘ರಾಷ್ಟ್ರ’ದ ಕೆಳಗಿನ ಒತ್ತುಗಳು ಕತ್ತರಿಸಿಹೋಗದಂತೆ ನೋಡಿಕೊಳ್ಳಬೇಕೆಂದೂ ಸೇರಿಸಿದೆ.

ಉತ್ತರದ ಜೊತೆಗೆ ಈ ಪದಗಳನ್ನೆಲ್ಲ ಅವುಗಳ ತಪ್ಪು ರೂಪಗಳ ಸಮೇತ ತುಂಬಿದ ಒಂದು ಪುಟದ ಕಡತವನ್ನೂ ಕಳುಹಿಸಿದ್ದೇನೆ. ಪ್ರಾಯೋಗಿಕ ಆವೃತ್ತಿ ಕೈಸೇರಿದ ದಿನ ಮೊದಲು ಅದನ್ನೇ ತೆರೆದು ‘ರಾಜ್‌ಕುಮಾರ್’ ಎಂದು ಹುಡುಕುವವನಿದ್ದೇನೆ. ಎರಡೂ ರೂಪಗಳು ಸಿಗಬೇಕು.