ನೇರಳೆ ಟ್ಯೂಬಿನ ಅರ್ಧ ಎಂಎಲ್

ಬೆಳಿಗ್ಗೆ ಆರೂವರೆ. ಮೇಲ್ ಮೆಡಿಕಲ್ ವಾರ್ಡ್. ಹನ್ನೊಂದು ಸ್ಯಾಂಪಲ್ ಆಗಬೇಕು, ಟ್ರೇ ಹಿಡಿದವಳು ನಾನೊಬ್ಬಳೇ. ಬಿಎಸ್ಸಿ ಎಂಎಲ್‌ಟಿ (ಲ್ಯಾಬ್ ಟೆಕ್ನಾಲಜಿ) ಇಂಟರ್ನ್‌ಶಿಪ್‌ನ ಮೂರನೇ ವಾರ ಅದು. ಕಲೆಕ್ಷನ್ ಸ್ಟಾಫ್ ಇಬ್ಬರೂ ರಜೆ. ಇಂಟರ್ನ್‌ಗಳಿದ್ದಾರಲ್ಲ, ಇನ್ನೇನು ಬೇಕು!

ಎಂಟನೇ ಬೆಡ್‌ನಲ್ಲಿ ಒಬ್ಬ ಅಜ್ಜ. ಸಕ್ಕರೆ ಕಾಯಿಲೆ, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಹಿಂದಿನ ದಿನವೇ 1.9, ಅಂದರೆ ಜಾಸ್ತಿ. ನರ ಸಿಗಲೇ ಇಲ್ಲ. ಎರಡನೇ ಸಲ ಚುಚ್ಚಿದಾಗ ಅಂತೂ ಸಿರಿಂಜಿಗೆ ಸ್ವಲ್ಪ ರಕ್ತ ಬಂತು. "ನಿಧಾನಕ್ಕೆ ತಕ್ಕೊಳವ್ವ, ನನಗೇನೂ ಅರ್ಜೆಂಟಿಲ್ಲ" ಅಂದರು. ನನಗಿತ್ತು.

ಹೆಮಟಾಲಜಿ ಮೇಡಂ ಹಿಂದಿನ ದಿನ ತಾನೇ "ಮಾರ್ಕ್‌ವರೆಗೆ ತುಂಬಿಸೋಕೂ ಬರಲ್ವಾ?" ಅಂತ ಬೈದಿದ್ದರು. ಹಾಗಾಗಿ ರಕ್ತಕಣ ಎಣಿಸಲು ಅವರ ವಿಭಾಗಕ್ಕೆ ಹೋಗುವ ನೇರಳೆ ಟ್ಯೂಬನ್ನೇ ಮೊದಲು ತುಂಬಿಸಿದೆ. ಸ್ವಲ್ಪ ಜಾಸ್ತಿಯೇ ಆಯಿತು. ಬಯೋಕೆಮಿಸ್ಟ್ರಿಗೆ ಹೋಗುವ ಕೆಂಪು ಟ್ಯೂಬಿಗೆ ಉಳಿದದ್ದು ಎರಡು ಎಂಎಲ್. ಅದರಲ್ಲಿ ಆರ್‌ಎಫ್‌ಟಿ (ಕಿಡ್ನಿ), ಎಲ್‌ಎಫ್‌ಟಿ (ಲಿವರ್), ಎಲೆಕ್ಟ್ರೊಲೈಟ್ಸ್ (ಸೋಡಿಯಂ, ಪೊಟ್ಯಾಸಿಯಂ), ಲಿಪಿಡ್ (ಕೊಬ್ಬು) ಎಲ್ಲಾ ಆಗಬೇಕು. ಕ್ಯೂಎನ್‌ಎಸ್, ಅಂದರೆ ಸ್ಯಾಂಪಲ್ ಸಾಲದು, ಅಂತ ವಾಪಸ್ ಬಂದರೆ ಅಜ್ಜನಿಗೆ ಮತ್ತೆ ಚುಚ್ಚಬೇಕು. ನೇರಳೆ ಟ್ಯೂಬಿನ ಮುಚ್ಚಳ ತೆಗೆದು ಅರ್ಧ ಎಂಎಲ್‌ನಷ್ಟು ಕೆಂಪಿಗೆ ಸುರಿದೆ. ಅದೇ ಮನುಷ್ಯನ ಅದೇ ರಕ್ತ ಅಲ್ವಾ? ಪರೀಕ್ಷೆಯಲ್ಲಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಬಗ್ಗೆ ಮೂರು ಪುಟ ಬರೆದವಳು ನಾನೇ.

ಬಯೋಕೆಮಿಸ್ಟ್ರಿಯಲ್ಲಿ ಸೀನಿಯರ್ ಸರ್ ಇದ್ದರು. ಮೊದಲು ಬಂದದ್ದು ಎಲೆಕ್ಟ್ರೊಲೈಟ್ಸ್. ಪೊಟ್ಯಾಸಿಯಂ 7.3. ಸ್ಕ್ರೀನ್ ಕೆಂಪಾಯಿತು. 5.1ಕ್ಕಿಂತ ಮೇಲೆ ಹೋದರೇ ನಾವು ಎರಡು ಸಲ ನೋಡುತ್ತೇವೆ. ಸರ್ ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದರು. ಸೀರಂ ತಿಳಿಹಳದಿ, ಹೀಮೊಲಿಸಿಸ್ ಇಲ್ಲ, ಅಂದರೆ ರಕ್ತಕಣ ಒಡೆದು ಪೊಟ್ಯಾಸಿಯಂ ಏರಿದ್ದಲ್ಲ. ರೀರನ್ ಹಾಕಿದರು. ಮತ್ತೆ 7.3.

ಪೊಟ್ಯಾಸಿಯಂ ಇಷ್ಟು ಏರಿದರೆ ಹೃದಯಕ್ಕೇ ಅಪಾಯ. ಅವರು ವಾರ್ಡಿಗೆ ಹೇಳಲು ಫೋನ್ ತೆಗೆದರು. ಆಗಲೇ ನನಗೆ ಹೊಳೆದದ್ದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವುದು ಕೆ2 ಇಡಿಟಿಎ. ಕೆ ಅಂದರೆ ಪೊಟ್ಯಾಸಿಯಂ. ಬಾಯಿ ಒಣಗಿತು. ಆದರೂ ಹೇಳಲಿಲ್ಲ. ಅರ್ಧ ಎಂಎಲ್‌ಗೆ ಇಷ್ಟೆಲ್ಲಾ ಏರುತ್ತದಾ, ಅಜ್ಜನ ಕಿಡ್ನಿ ಮೊದಲೇ ಸರಿ ಇಲ್ಲವಲ್ಲ, ನಿಜವಾಗಿಯೂ ಜಾಸ್ತಿ ಇರಬಹುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಕಡೆಯಿಂದ ಸಿಸ್ಟರ್ ನಂಬರನ್ನು ತಿರುಗಿ ಹೇಳಿದ್ದು ನನಗೂ ಕೇಳಿಸಿತು. ಡ್ಯೂಟಿ ಡಾಕ್ಟರ್ ಇಸಿಜಿ ಹೇಳಿದರಂತೆ, ಕ್ಯಾಲ್ಸಿಯಂ ಗ್ಲುಕೊನೇಟ್ ರೆಡಿ ಮಾಡುತ್ತಿದ್ದಾರಂತೆ. ಮುಂದಿನದ್ದು ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ ಅಂತ ನನಗೆ ಗೊತ್ತಿತ್ತು. ನಾನು ಖಾಲಿ ಟಿಪ್ ಬಾಕ್ಸ್ ಜೋಡಿಸುತ್ತಾ ನಿಂತಿದ್ದೆ. ಆರೇಳು ನಿಮಿಷ ಇರಬೇಕು. ಇವತ್ತಿಗೂ ಚುಚ್ಚುವುದು ಆ ಟಿಪ್ ಬಾಕ್ಸ್.

ಅಷ್ಟರಲ್ಲಿ ಎಲ್‌ಎಫ್‌ಟಿ ಬಂತು. ಅದರಲ್ಲಿನ ಎಎಲ್‌ಪಿ ಎಂಬ ಎಂಜೈಮ್ ಬರೀ 14, ತೀರಾ ಕಡಿಮೆ. ಸರ್ ಹುಬ್ಬು ಗಂಟಿಕ್ಕಿದರು. ಯಾರೂ ಕೇಳದ ಕ್ಯಾಲ್ಸಿಯಂ ಅನ್ನು ಅದೇ ಸ್ಯಾಂಪಲ್‌ಗೆ ಸೇರಿಸಿದರು. 3.9, ಇರಬೇಕಾದದ್ದರ ಅರ್ಧವೂ ಇಲ್ಲ. ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಎಎಲ್‌ಪಿಯನ್ನೂ ಇಳಿಸುತ್ತದೆ.

"ಇಷ್ಟು ಕಮ್ಮಿ ಕ್ಯಾಲ್ಸಿಯಂ ಇರೋನು ಬೆಡ್ ಮೇಲೆ ಕೂತು ಇಡ್ಲಿ ತಿಂತಿರಲ್ಲ. ಇದನ್ನ ತೆಗೆದಿದ್ದು ಯಾರು?"

"ನಾನೇ ಸರ್. ನೇರಳೆಯಿಂದ ಸ್ವಲ್ಪ ಸುರಿದೆ."

ಅವರು ಬೈಯಲಿಲ್ಲ. ಮೊದಲು ವಾರ್ಡಿಗೆ ಫೋನ್ ಮಾಡಿ ಏನೂ ಕೊಡಬೇಡಿ ಅಂದರು. ಇಸಿಜಿ ನಾರ್ಮಲ್ ಬಂದಿತ್ತಂತೆ, ಹಾಗಾಗಿ ಡಾಕ್ಟರ್ ಕೂಡ ರಿಪೀಟ್ ಕೇಳೋಣ ಅಂತಲೇ ಇದ್ದರಂತೆ. ಫೋನ್ ಇಟ್ಟ ಮೇಲೆ ಒಂದೇ ಪ್ರಶ್ನೆ: "ನಾನು ಫೋನ್ ಎತ್ತಿದಾಗಲೇ ನಿಂಗೆ ಗೊತ್ತಿತ್ತಾ?" ಬೈದಿದ್ದರೇ ವಾಸಿ ಇತ್ತು.

ಮತ್ತೆ ಅಜ್ಜನ ಹತ್ತಿರ ಹೋದೆ. "ಮೊದಲಿಂದು ನಾನೇ ಹಾಳು ಮಾಡಿದೆ ಅಜ್ಜ" ಅಂದೆ. ಅವರು ಇನ್ನೊಂದು ಕೈ ಚಾಚಿದರು. ಈ ಸಲ ಕೆಂಪು ಮೊದಲು. ಪೊಟ್ಯಾಸಿಯಂ 4.4.

ರಿಜೆಕ್ಷನ್ ಎಂಟ್ರಿ ಮಾಡಲು ಕೂತರೆ ನಮ್ಮ ಸಾಫ್ಟ್‌ವೇರ್‌ನಲ್ಲಿ ಇರುವುದೇ ಮೂರು ಕಾರಣ: ಹೀಮೊಲೈಸ್ಡ್, ಕ್ಲಾಟೆಡ್, ಕ್ಯೂಎನ್‌ಎಸ್. ನನ್ನ ಸಾಹಸಕ್ಕೆ ಆಪ್ಷನ್ನೇ ಇಲ್ಲ. ಸುಮ್ನೆ ಕ್ಯೂಎನ್‌ಎಸ್ ಒತ್ತಲು ಹೋದೆ. ಸರ್ ರಿಜಿಸ್ಟರ್ ಮುಂದೆ ತಳ್ಳಿ, ಪೆನ್ನಲ್ಲಿ ಬರಿ ಅಂದರು. ಬರೆದೆ, ಹೆಸರು ಸಮೇತ.

ಸಂಜೆಗೆ ಆಫೀಸಿನಿಂದ ಸುತ್ತೋಲೆ ಬಂತು: ಇನ್ನು ಮುಂದೆ ಇಂಟರ್ನ್‌ಗಳು ಒಬ್ಬರೇ ಸ್ಯಾಂಪಲ್ ತೆಗೆಯುವಂತಿಲ್ಲ. ಮರುದಿನ ಬೆಳಿಗ್ಗೆ ಆರೂವರೆಗೆ ಅದೇ ಆಫೀಸಿನಿಂದ ಫೋನ್. ಸ್ಟಾಫ್ ಇನ್ನೂ ರಜೆಯಲ್ಲಿದ್ದಾರೆ, ಮೇಲ್ ಮೆಡಿಕಲ್‌ನಲ್ಲಿ ಹದಿನಾಲ್ಕು ಸ್ಯಾಂಪಲ್ ಇದೆ, ಸ್ವಲ್ಪ ಹೋಗಿ ಬಾಮ್ಮ.