ಬಾರ್‌ಗೆ ಪ್ಯೂರಿಫೈಯರ್ ತರೋ ಮುಂಚೆ ನೋಡಬೇಕಾದ್ದು

ಬಾರ್ ಮಾಲೀಕರಿಂದ ನನಗೆ ಬರುವ ಫೋನ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ತರ ಇರುತ್ತವೆ. "ಎಸಿ ಹಾಲಲ್ಲಿ ಹೊಗೆ ನಿಂತ್ಕೊಳ್ತಿದೆ ಸಾರ್, ಒಂದು ಒಳ್ಳೆ ಏರ್ ಪ್ಯೂರಿಫೈಯರ್ ಹೇಳಿ." ಬೆಂಗಳೂರಿನಲ್ಲಿ ಎಸಿ, ಎಕ್ಸಾಸ್ಟ್, ಡಕ್ಟ್ (ಗಾಳಿ ಸಾಗಿಸುವ ಕೊಳವೆ) ಕೆಲಸ ಮಾಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಒಂದು ಮಿಷನ್ ಕೊಟ್ಟು ಬಿಲ್ ಮಾಡಿ ಬರೋದು ಸುಲಭ. ಆದರೆ ಗಾಳಿ ಸರಿಯಾಗಬೇಕು ಅಂದರೆ ಮಿಷನ್ ಬರೋದು ಮೂರನೇ ಸಾಲಿನಲ್ಲಿ. ಮೊದಲು ಒಳಗೆ ಸೇದೋದು ನಿಲ್ಲಬೇಕು, ಆಮೇಲೆ ಹೊರಗಿನ ಗಾಳಿ ಬರಬೇಕು, ಅದಾದ ಮೇಲೆ ಫಿಲ್ಟರ್. ಈ ಸಾಲು ತಿರುವುಮುರುವು ಆದರೆ ದುಡ್ಡು ದಂಡ.

ಮೊದಲು ಎಸಿ ವಿಷಯ. ಗೋಡೆ ಮೇಲೆ ಕೂತಿರುವ ಸ್ಪ್ಲಿಟ್ ಎಸಿ ಹೊರಗಿನಿಂದ ಒಂದು ಚೂರೂ ಗಾಳಿ ತರುವುದಿಲ್ಲ. ಹೊರಗಡೆ ಯೂನಿಟ್ ಇದೆಯಲ್ಲ, ಅದು ಗಾಳಿ ಎಳೆದುಕೊಂಡು ಒಳಗೆ ಕಳಿಸುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಒಳಗಿನ ಬಿಸಿಯನ್ನು ಹೊರಗೆ ಹಾಕುತ್ತದೆ, ಅಷ್ಟೇ. ಒಳಗಿನ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಅಲ್ಲೇ ಬಿಡುತ್ತದೆ. ಅಂದರೆ ಆರನೇ ಟೇಬಲ್‌ನವರು ಬಿಟ್ಟ ಉಸಿರು, ಕಿಚನ್‌ನಿಂದ ಬಂದ ಮೆಣಸಿನಕಾಯಿ ಘಾಟು, ಸಂಜೆ ಗಲ್ಲಾ ಮೇಲಿನ ದೇವರ ಫೋಟೊಗೆ ಹಚ್ಚಿದ ಊದುಬತ್ತಿ ಹೊಗೆ, ಎಲ್ಲ ಸೇರಿ ರಾತ್ರಿ ಬಾಗಿಲು ಹಾಕೋವರೆಗೂ ಅಲ್ಲೇ ಸುತ್ತುತ್ತಿರುತ್ತದೆ. ಕಿಟಕಿ ತೆಗೆಯೋಣ ಅಂದರೆ ಮ್ಯೂಸಿಕ್ ಸದ್ದಿಗೆ ಅಕ್ಕಪಕ್ಕದವರು ದೂರು ಕೊಡುತ್ತಾರೆ ಅಂತ ಎಲ್ಲಾ ಕಡೆ ಗಾಜು ಹಾಕಿ ಸಿಲಿಕಾನ್ ಬಳಿದಿರುತ್ತಾರೆ. ದೂರು ಕೊಡುವವರದ್ದೂ ತಪ್ಪಲ್ಲ ಬಿಡಿ, ಅವರೂ ನಿದ್ದೆ ಮಾಡಬೇಕಲ್ವಾ. ಆದರೆ ಗಾಜು ಹಾಕಿದ ಮೇಲೆ ಗಾಳಿಗೆ ಬೇರೆ ದಾರಿ ಮಾಡಿಕೊಡಬೇಕಿತ್ತು, ಅದನ್ನು ಮಾತ್ರ ಯಾರೂ ಮಾಡಿರುವುದಿಲ್ಲ.

ಇನ್ನು ಫಿಲ್ಟರ್ ಏನು ಮಾಡುತ್ತೆ, ಏನು ಮಾಡಲ್ಲ ಅಂತ ನೋಡೋಣ. ಹೆಪಾ ಫಿಲ್ಟರ್ ಅಂದರೆ 0.3 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯಬೇಕು ಅನ್ನೋದು ಲೆಕ್ಕ. ಸಿಗರೇಟಿನ ಹೊಗೆಯ ಕಣಗಳು ಬಹುಪಾಲು ಒಂದು ಮೈಕ್ರಾನ್‌ಗಿಂತ ಸಣ್ಣವು, ಅವನ್ನೂ ಇದು ಚೆನ್ನಾಗಿಯೇ ಹಿಡಿಯುತ್ತದೆ. ಅದರಲ್ಲಿ ಮೋಸ ಇಲ್ಲ. ಆದರೆ ಹೊಗೆ ಅಂದರೆ ಬರೀ ಕಣ ಅಲ್ಲ. ಬೆಂಜೀನ್, ಫಾರ್ಮಾಲ್ಡಿಹೈಡ್ ತರದ ಅನಿಲಗಳು ಹೆಪಾ ಮೂಲಕ ಸಲೀಸಾಗಿ ಆಚೆ ಬರುತ್ತವೆ. ಅದಕ್ಕೆ ಅಂತ ಆಕ್ಟಿವೇಟೆಡ್ ಕಾರ್ಬನ್, ಅಂದರೆ ಇದ್ದಿಲಿನ ಪದರ ಹಾಕುತ್ತಾರೆ. ಮನೆಗೆ ತರುವ ಮಿಷನ್‌ಗಳಲ್ಲಿ ಆ ಪದರ ತೆಳ್ಳಗಿರುತ್ತದೆ, ಬಾರ್‌ನ ಹೊಗೆಗೆ ಬೇಗ ತುಂಬಿಹೋಗುತ್ತದೆ, ತುಂಬಿದ ಮೇಲೆ ಇದ್ದೂ ಇಲ್ಲದ ಹಾಗೆ. ಕಾರ್ಬನ್ ಮಾನಾಕ್ಸೈಡನ್ನು ಹೆಪಾನೂ ಹಿಡಿಯಲ್ಲ, ಈ ಇದ್ದಿಲೂ ಹಿಡಿಯಲ್ಲ. ಜನ ಬಿಡುವ ಕಾರ್ಬನ್ ಡೈಆಕ್ಸೈಡ್‌ದೂ ಅದೇ ಕಥೆ. ಅದು ಹೋಗಬೇಕಾದರೆ ಹೊರಗಿನ ಗಾಳಿ ಬರಲೇಬೇಕು.

ಸೇದುವ ಹಾಲ್‌ನಲ್ಲಿ ಓಡಿದ ಪ್ಯೂರಿಫೈಯರ್ ಬಿಚ್ಚಿ ಒಮ್ಮೆ ನೋಡಬೇಕು. ಹಾಕುವಾಗ ಬೆಳ್ಳಗೆ ಮಡಿಕೆ ಮಡಿಕೆಯಾಗಿದ್ದ ಫಿಲ್ಟರ್ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬೆರಳಿಟ್ಟರೆ ಅಂಟುತ್ತದೆ, ಯಾಕಂದ್ರೆ ಅದರಲ್ಲಿ ಟಾರ್ ಜೊತೆ ಕಬಾಬ್ ಕರಿದ ಎಣ್ಣೆಯ ಆವಿಯೂ ಇದೆ. ಮಡಿಕೆ ಬಿಡಿಸಿದರೆ ಒಳಗಡೆ ಪಟ್ಟೆ ಪಟ್ಟೆ ಕಲೆ. ಮೂಗಿನ ಹತ್ತಿರ ತರೋಕೂ ಆಗಲ್ಲ, ಅಂಥ ಹಳಸಿದ ಬೂದಿ ವಾಸನೆ. ಆ ಸ್ಥಿತಿಗೆ ಬಂದ ಫಿಲ್ಟರ್ ತಾನು ಹಿಡಿದ ವಾಸನೆಯನ್ನೇ ವಾಪಸ್ ಬಿಡೋಕೆ ಶುರು ಮಾಡಿರುತ್ತದೆ. ಮಿಷನ್ ಮೇಲೆ ಹಸಿರು ಲೈಟ್ ಮಾತ್ರ ಉರೀತಾನೇ ಇರುತ್ತೆ.

ನನಗೆ ಇದರಲ್ಲಿ ಜಾಸ್ತಿ ಬೇಜಾರಾಗೋದು ಸಪ್ಲೈಯರ್ ಹುಡುಗರ ವಿಷಯಕ್ಕೆ. ಗಿರಾಕಿ ಎರಡು ಗಂಟೆ ಕೂತು ಎದ್ದು ಹೋಗುತ್ತಾರೆ. ಸಪ್ಲೈಯರ್, ಕ್ಯಾಷಿಯರ್, ಟೇಬಲ್ ಒರೆಸುವ ಹುಡುಗ ಬೆಳಿಗ್ಗೆಯಿಂದ ಮಧ್ಯರಾತ್ರಿವರೆಗೆ ಅದೇ ಗಾಳಿಯಲ್ಲಿ ಇರುತ್ತಾರೆ, ಎಷ್ಟೋ ಕಡೆ ಮಲಗೋದೂ ಅದೇ ಬಿಲ್ಡಿಂಗ್‌ನಲ್ಲಿ. ಒಂದು ಕಡೆ ಕೆಲಸ ಮಾಡುವಾಗ ಮಂಡ್ಯ ಕಡೆಯ ಒಬ್ಬ ಹುಡುಗ ಏಣಿ ಹಿಡಿದುಕೊಂಡು ನಿಂತಿದ್ದ, ಕೆಮ್ಮು ಬಿಡ್ತಾನೇ ಇರಲಿಲ್ಲ. "ಬೀಡಿ ಸೇದ್ತೀಯೇನಪ್ಪಾ?" ಅಂದೆ. "ಇಲ್ಲಣ್ಣ, ಮುಟ್ಟೋದೇ ಇಲ್ಲ. ಊರಿಗೆ ಹೋದ್ರೆ ನಾಲ್ಕು ದಿನಕ್ಕೆ ಸರಿಹೋಗುತ್ತೆ, ಬಂದ್ರೆ ಮತ್ತೆ ಶುರು" ಅಂದ.

ಅವನು ಹೇಳಿದ್ದು ಸುಮ್ನೆ ಮಾತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1998ರ ಜನವರಿಯಿಂದ ಬಾರ್‌ಗಳ ಒಳಗೆ ಸೇದೋದು ನಿಷೇಧ ಆಯಿತು. ಆಗ ಸ್ಯಾನ್ ಫ್ರಾನ್ಸಿಸ್ಕೋದ 53 ಬಾರ್‌ಟೆಂಡರ್‌ಗಳನ್ನು ನಿಷೇಧಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆ ಮಾಡಿದ್ದರು. ಮೊದಲು 39 ಜನಕ್ಕೆ ಕೆಮ್ಮು, ಉಬ್ಬಸ, ಕಫ ಹೀಗೆ ಏನಾದರೊಂದು ಇತ್ತು. ಒಂದೆರಡು ತಿಂಗಳಲ್ಲೇ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಆ ತೊಂದರೆ ಹೋಗಿತ್ತು. ಸ್ಕಾಟ್ಲೆಂಡ್‌ನಲ್ಲಿ 2006ರಲ್ಲಿ ಇದೇ ನಿಯಮ ಬಂದಾಗಲೂ ಬಾರ್ ಕೆಲಸಗಾರರ ಉಸಿರಾಟ ಸುಧಾರಿಸಿದ್ದು ಕಂಡುಬಂತು. ಯಾವ ಮಿಷನ್ನೂ ತಂದಿರಲಿಲ್ಲ, ಹೊಗೆ ನಿಂತಿತ್ತು ಅಷ್ಟೇ. ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯರು, 2006ರ ವರದಿಯಲ್ಲಿ ಇದನ್ನೇ ಹೇಳಿದ್ದಾರೆ: ಬೇರೆಯವರ ಸಿಗರೇಟು ಹೊಗೆಯಲ್ಲಿ ಇಷ್ಟಾದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ, ಗಾಳಿ ಶುದ್ಧ ಮಾಡುವ ಮಿಷನ್ ಆಗಲಿ ವೆಂಟಿಲೇಷನ್ ಆಗಲಿ ಅದನ್ನು ಪೂರ್ತಿ ತೆಗೆಯಲಾರವು.

ನಮ್ಮಲ್ಲೂ ಕಾನೂನು ಇಲ್ಲ ಅಂತಲ್ಲ. 2008ರ ಅಕ್ಟೋಬರ್ 2ರಿಂದಲೇ ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ. 30 ಅಥವಾ ಅದಕ್ಕಿಂತ ಹೆಚ್ಚು ಸೀಟು ಇರುವ ರೆಸ್ಟೋರೆಂಟ್ ಬೇಕಿದ್ದರೆ ಸ್ಮೋಕಿಂಗ್ ರೂಂ ಮಾಡಿಕೊಳ್ಳಬಹುದು, ಆದರೆ ಸುಮ್ನೆ ಒಂದು ಮೂಲೆಗೆ ಬೋರ್ಡ್ ಹಾಕಿದರೆ ಆಗಲ್ಲ. ನಾಲ್ಕೂ ಕಡೆ ಪೂರ್ತಿ ಎತ್ತರದ ಗೋಡೆ ಬೇಕು, ತಾನಾಗೇ ಮುಚ್ಚಿಕೊಳ್ಳುವ ಬಾಗಿಲು ಬೇಕು, ಅಲ್ಲಿನ ಗಾಳಿ ನೇರ ಹೊರಗೆ ಹೋಗಬೇಕು, ಒಳಗಿನ ಒತ್ತಡ ಹಾಲ್‌ಗಿಂತ ಕಮ್ಮಿ ಇರಬೇಕು. ಅಲ್ಲಿ ಊಟ, ಡ್ರಿಂಕ್ಸ್ ಏನೂ ಸಪ್ಲೈ ಮಾಡುವಂತಿಲ್ಲ. ಈಗ ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು ದಂಡ 200 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ, ಹುಕ್ಕಾ ಬಾರ್ ನಡೆಸಿದರೆ ಜೈಲು. ಪೇಪರ್ ಮೇಲೆ ಒಳ್ಳೆಯ ನಿಯಮ. ರೂಂ ಒಳಗೆ ಟೇಬಲ್ ಹಾಕಿ, ಎರಡು ಪ್ಲೇಟ್ ಕಡ್ಲೆಬೀಜ ಮಸಾಲ ಇಟ್ಟು, ಸಪ್ಲೈಯರ್‌ನ ನಿಲ್ಲಿಸೋದು ನೋಡಿದಾಗ ಮಾತ್ರ ಸಿಟ್ಟು ಬರುತ್ತೆ.

ನಿಮ್ಮ ಸ್ಮೋಕಿಂಗ್ ರೂಂ ಸರಿಯಾಗಿದೆಯಾ ಅಂತ ನೋಡೋಕೆ ಒಂದು ಊದುಬತ್ತಿ ಸಾಕು. ಬಾಗಿಲು ಮುಚ್ಚಿ, ಎಕ್ಸಾಸ್ಟ್ ಹಾಕಿ, ಹೊರಗಡೆ ಹಾಲ್‌ನಲ್ಲಿ ನಿಂತು ಬಾಗಿಲ ಕೆಳಗಿನ ಸಂದಿಗೆ ಊದುಬತ್ತಿ ಹಿಡಿಯಿರಿ. ಹೊಗೆ ರೂಂ ಒಳಗೆ ಎಳೆದುಕೊಂಡು ಹೋದರೆ ಸರಿ ಇದೆ. ನಿಮ್ಮ ಮುಖದ ಕಡೆ ಬಂದರೆ ರೂಂನ ಹೊಗೆಯೂ ಹಾಲ್‌ಗೆ ಬರ್ತಿದೆ ಅಂತ ಅರ್ಥ. ಆಗ ಎಕ್ಸಾಸ್ಟ್ ಫ್ಯಾನ್ ದೊಡ್ಡದು ಮಾಡಬೇಕು ಅಥವಾ ಡಕ್ಟ್ ಎಲ್ಲೋ ಕಟ್ಟಿಕೊಂಡಿದೆ. ಆ ಡಕ್ಟ್ ಬಾಯಿ ಎಲ್ಲಿ ಬಿಡ್ತಿದೆ ಅಂತಲೂ ನೋಡಿ. ಮೇಲಿನ ಮನೆಯವರ ಬಾಲ್ಕನಿಗೋ ಮೆಟ್ಟಿಲಿಗೋ ಬಿಟ್ಟರೆ ನಿಮ್ಮ ಹೊಗೆಯನ್ನು ಅವರ ಮನೆಗೆ ಸಾಗಿಸಿದ ಹಾಗಾಯಿತು.

ಸೇದೋದು ಹಾಲ್‌ನಿಂದ ಆಚೆ ಹೋದ ಮೇಲೆ, ಹೊರಗಿನ ಗಾಳಿಗೆ ದಾರಿ ಮಾಡಿ. ಬೆಂಗಳೂರಿನವರಿಗೆ ಇದರಲ್ಲಿ ಒಂದು ಅನುಕೂಲ ಇದೆ, ವರ್ಷದಲ್ಲಿ ಬಹಳಷ್ಟು ದಿನ ಸಂಜೆ ಗಾಳಿ ತಣ್ಣಗೇ ಇರುತ್ತದೆ, ಕರೆಂಟ್ ಬಿಲ್ ಅಷ್ಟೇನೂ ಏರಲ್ಲ. ರಸ್ತೆ ಧೂಳು ಇರುವ ಕಡೆ, ಒಳಗೆ ಗಾಳಿ ತರುವ ಫ್ಯಾನ್‌ನ ಬಾಯಿಗೇ ಮರ್ವ್ 13 (ಸಣ್ಣ ಧೂಳನ್ನೂ ಹಿಡಿಯುವ ಒಂದು ದರ್ಜೆ) ಫಿಲ್ಟರ್ ಹಾಕಿಸಿ. ಕಿಚನ್ ಎಕ್ಸಾಸ್ಟ್ ಬೇರೆ, ಹಾಲ್ ಎಕ್ಸಾಸ್ಟ್ ಬೇರೆ ಇರಲಿ. ಕಿಚನ್ ಹುಡ್‌ನ ಜಿಡ್ಡು ತೊಳೆಯದೇ ಹಾಲ್‌ನಲ್ಲಿ ಹೆಪಾ ಇಡೋದು ದಂಡ, ಎಣ್ಣೆ ಆವಿಗೇ ಅದು ಮುಚ್ಚಿಹೋಗುತ್ತದೆ.

ಈಗ ಮಿಷನ್ ಲೆಕ್ಕ. 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಹಾಲ್ ಅಂದುಕೊಳ್ಳಿ. 6,000 ಘನ ಅಡಿ, ಅಂದರೆ ಸುಮಾರು 170 ಘನ ಮೀಟರ್. ಗಂಟೆಗೆ ಆರು ಸಲ ಅಷ್ಟೂ ಗಾಳಿ ಫಿಲ್ಟರ್ ಆಗಬೇಕಾದರೆ ಗಂಟೆಗೆ 1,020 ಘನ ಮೀಟರ್ ಬೇಕು. ಮಿಷನ್ ಡಬ್ಬದ ಮೇಲೆ ಸಿಎಡಿಆರ್, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅಂತ ಬರೆದಿರುತ್ತಾರಲ್ಲ, ಅದನ್ನು ಇದಕ್ಕೆ ಹೋಲಿಸಿ ನೋಡಿ. 300 ಅಂತ ಇದ್ದರೆ ಅಂಥವು ನಾಲ್ಕು ಬೇಕು, ಒಂದಲ್ಲ. ಅದೂ ಫುಲ್ ಸ್ಪೀಡ್‌ನಲ್ಲಿ ಓಡಿದರೆ. ಸದ್ದು ಅಂತ ಕಮ್ಮಿ ಸ್ಪೀಡ್‌ಗೆ ಇಟ್ಟರೆ ಈ ಲೆಕ್ಕ ಅರ್ಧಕ್ಕೂ ಬರಲ್ಲ. ಸೋಫಾ ಹಿಂದೆ, ಬಿಯರ್ ಕ್ರೇಟ್ ಸಂದಿಯಲ್ಲಿ ಇಡಬೇಡಿ, ಸುತ್ತ ಜಾಗ ಬಿಡಿ. ಇನ್ನೊಂದು ಮಾತು, ವಾಸನೆ ಹೋಗಿಸುತ್ತೆ ಅಂತ ಓಝೋನ್ ಮಿಷನ್ ಮಾರುವವರು ಬರುತ್ತಾರೆ, ಬೇಡ ಅಂದುಬಿಡಿ. ಓಝೋನ್ ಶ್ವಾಸಕೋಶಕ್ಕೇ ಕೆಟ್ಟದ್ದು.

ಗಾಳಿ ಅಳೆಯುವ ಸಣ್ಣ ಮೀಟರ್ ಒಂದನ್ನು ಕೊಂಡು ಗಲ್ಲಾ ಹತ್ತಿರ ಇಡಿ, ಪಿಎಂ 2.5 (2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು) ಮತ್ತು ಕಾರ್ಬನ್ ಡೈಆಕ್ಸೈಡ್ ಎರಡೂ ತೋರಿಸುವಂಥದ್ದು. ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಪಿಎಂ 2.5 ದಿನದ ಸರಾಸರಿ ಘನ ಮೀಟರ್‌ಗೆ 15 ಮೈಕ್ರೋಗ್ರಾಂ ದಾಟಬಾರದು, ನಮ್ಮ ದೇಶದ ಮಿತಿ 60. ಶನಿವಾರ ರಾತ್ರಿ ಹಾಲ್ ತುಂಬಿದಾಗ ನೋಡಿ. ಕಣ ಕಮ್ಮಿ ಇದ್ದು ಕಾರ್ಬನ್ ಡೈಆಕ್ಸೈಡ್ ಸಾವಿರ ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸಾವಿರ ಪಾಲು) ದಾಟಿ ಏರುತ್ತಲೇ ಇದ್ದರೆ ಫಿಲ್ಟರ್ ಕೆಲಸ ಮಾಡ್ತಿದೆ, ಹೊರಗಿನ ಗಾಳಿ ಸಾಲುತ್ತಿಲ್ಲ. ಕಾರ್ಬನ್ ಡೈಆಕ್ಸೈಡ್ ಕಮ್ಮಿ ಇದ್ದು ಕಣ ಜಾಸ್ತಿ ಇದ್ದರೆ ಕಿಚನ್ ಬಾಗಿಲು, ಸ್ಮೋಕಿಂಗ್ ರೂಂ ಬಾಗಿಲು, ರಸ್ತೆ ಕಡೆಯ ಕಿಟಕಿ, ಈ ಮೂರನ್ನು ನೋಡಿ.

ಫಿಲ್ಟರ್ ಹಾಕಿದ ದಿನ ಅದರ ಫ್ರೇಮ್ ಮೇಲೆ ಮಾರ್ಕರ್‌ನಲ್ಲಿ ತಾರೀಕು ಬರೆಯಿರಿ. ಕಂಪನಿಯವರು ಹೇಳುವ ಆರು ತಿಂಗಳು, ವರ್ಷ ಎಲ್ಲ ಮನೆ ಲೆಕ್ಕ, ಬಾರ್‌ನಲ್ಲಿ ತಿಂಗಳಿಗೊಮ್ಮೆ ತೆಗೆದು ಕಣ್ಣಾರೆ ನೋಡಬೇಕು. ಬದಲಾಯಿಸುವ ಹುಡುಗನಿಗೆ ಮಾಸ್ಕ್, ಗ್ಲೌಸ್ ಕೊಡಿ, ಹಳೇದನ್ನು ಕವರ್‌ಗೆ ಹಾಕಿ ಬಾಯಿ ಕಟ್ಟಲಿ, ಹಾಲ್ ಮಧ್ಯೆ ಕೊಡವಬಾರದು. ಸ್ಮೋಕಿಂಗ್ ರೂಂ ಇದ್ದರೆ ರಾತ್ರಿ ಕೊನೆಯ ಗಿರಾಕಿ ಹೋದ ಮೇಲೂ ಎಕ್ಸಾಸ್ಟ್ ಅರ್ಧ ಗಂಟೆ ಓಡಲಿ, ಗುಡಿಸುವವರು ಆಮೇಲೆ ಒಳಗೆ ಹೋಗಲಿ.