ನೂರರಲ್ಲಿ ಮೂರು, ಆದರೆ ಕಲ್ಲು ಒಂದೇ

2025ರ ಫೆಬ್ರವರಿ 18ರಂದು ನಾಸಾ ಕೊಟ್ಟ ಅಂಕಿ ಶೇಕಡಾ 3.1. 2024 ವೈಆರ್4 ಎಂಬ ಕ್ಷುದ್ರಗ್ರಹ 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಅದು. ಚಿಲಿಯಲ್ಲಿರುವ ಅಟ್ಲಾಸ್ ದೂರದರ್ಶಕ ಆ ಕಲ್ಲನ್ನು ಕಂಡು ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಜನವರಿ ಕೊನೆಯಲ್ಲಿ ಒಂದರ ಆಸುಪಾಸಿನಲ್ಲಿದ್ದ ಅಂಕಿ ಮೂರು ದಾಟಿತು. ಟಿವಿ ವಾಹಿನಿಗಳಿಗೆ ಇನ್ನೇನು ಬೇಕು?

ಬೀಳಬಹುದಾದ ಜಾಗಗಳ ಪಟ್ಟೆ ಪೆಸಿಫಿಕ್‌ನ ಪೂರ್ವಭಾಗದಿಂದ ಅಟ್ಲಾಂಟಿಕ್, ಆಫ್ರಿಕ, ಅರಬ್ಬಿ ಸಮುದ್ರ ಹಾದು ದಕ್ಷಿಣ ಏಷ್ಯಾದವರೆಗೆ ಚಾಚಿತ್ತು. ಮುಂಬಯಿಯ ಹೆಸರೂ ಬಂತು. ಗೋರೆಗಾಂವ್‌ನಲ್ಲಿರುವ ತಂಗಿ ರಾತ್ರಿಯೇ ಫೋನ್ ಮಾಡಿದಳು. “ಅಕ್ಕ, ನೀನು ಇಡೀ ಜನ್ಮ ಸಾವಿನ ಲೆಕ್ಕ ನೋಡಿದವಳು. ಇದನ್ನೂ ನೋಡಿ ಹೇಳು. ಫ್ಲ್ಯಾಟಿನ ಸಾಲ 2034ರವರೆಗೆ ಇದೆ.”

ವಿಮಾ ಕಚೇರಿಯಲ್ಲಿ ನಾವು ನಂಬಿ ಬದುಕಿದ್ದು ಮರಣ ದರದ ಕೋಷ್ಟಕವನ್ನು. ಒಂದೇ ವಯಸ್ಸಿನ ಸಾವಿರಾರು ಪಾಲಿಸಿದಾರರಲ್ಲಿ ವರ್ಷಕ್ಕೆ ಇಷ್ಟು ಮಂದಿ ಎಂದು ಅದು ಹೇಳಿದರೆ, ಹೆಚ್ಚುಕಡಿಮೆ ಅಷ್ಟೇ ಕ್ಲೇಮಿನ ಕಡತಗಳು ಮೇಜಿಗೆ ಬರುತ್ತಿದ್ದವು. ಯಾರು ಎಂದು ಗೊತ್ತಿಲ್ಲ, ಎಷ್ಟು ಎಂದು ಗೊತ್ತು. ಪ್ರೀಮಿಯಂ ನಿಂತಿರುವುದೇ ಅದರ ಮೇಲೆ. ಕ್ಷುದ್ರಗ್ರಹದ ಶೇಕಡಾ ಆ ಜಾತಿಯದಲ್ಲ. ಕಲ್ಲು ಒಂದೇ, ಅದು ಹೋಗುವ ದಾರಿಯೂ ಒಂದೇ. ಬಡಿಯುತ್ತದೆ, ಇಲ್ಲವೇ ಬಡಿಯುವುದಿಲ್ಲ. 3.1 ಎನ್ನುವುದು ಆ ದಾರಿಯನ್ನು ನಾವು ಎಷ್ಟು ಮಸುಕಾಗಿ ಅಳೆದಿದ್ದೇವೆ ಎಂಬುದರ ಲೆಕ್ಕ.

ತಂಗಿಯನ್ನು ನಿಜವಾಗಿ ಹೆದರಿಸಿದ್ದು ಅಂಕಿ ಏರಿದ್ದು. ಅವಳಿಗೆ ಹೀಗೆ ಹೇಳಿದೆ: 2032ರ ಆ ದಿನ ಕಲ್ಲು ಇರಬಹುದಾದ ಜಾಗ ನಾಲ್ಕು ಲಕ್ಷ ಕಿಲೋಮೀಟರ್ ಉದ್ದದ ಗೆರೆ ಎಂದುಕೊ. ಭೂಮಿಯ ಅಗಲ ಸುಮಾರು 12,700 ಕಿಲೋಮೀಟರ್. ಗೆರೆಯಲ್ಲಿ ಭೂಮಿಯ ಪಾಲು ಶೇಕಡಾ ಮೂರು ಚಿಲ್ಲರೆ. ಹೊಸ ಅಳತೆಗಳು ಬಂದು ಗೆರೆ ಎರಡು ಲಕ್ಷಕ್ಕೆ ಕುಗ್ಗಿತು, ಭೂಮಿ ಇನ್ನೂ ಅದರೊಳಗೇ ಇದೆ. ಪಾಲು ಆರಕ್ಕೇರುತ್ತದೆ, ಕಲ್ಲು ಮಾತ್ರ ತನ್ನ ದಾರಿಯಿಂದ ಕೂದಲೆಳೆಯಷ್ಟೂ ಸರಿದಿರುವುದಿಲ್ಲ. ಮತ್ತಷ್ಟು ಕುಗ್ಗಿ ಗೆರೆಯ ತುದಿ ಭೂಮಿಯನ್ನು ಬಿಟ್ಟಿತೋ, ಅಂಕಿ ದಿಢೀರನೆ ಬಿದ್ದುಹೋಗುತ್ತದೆ. ನೈಜ ಲೆಕ್ಕ ಇಷ್ಟು ಸರಳವಲ್ಲ, ಆದರೆ ನಡೆದದ್ದು ಇದೇ. 3.1 ಬಂದ ಮರುದಿನ 1.5, ಅದರ ಮರುದಿನ 0.28, ವಾರದೊಳಗೆ 0.004. 2004ರ ಡಿಸೆಂಬರಿನಲ್ಲಿ ಅಪೋಫಿಸ್ ಎಂಬ ಇನ್ನೊಂದು ಕ್ಷುದ್ರಗ್ರಹದ ಅಂಕಿ ಕೂಡ 2.7ರವರೆಗೆ ಏರಿ ಇಳಿದಿತ್ತು. 2029ರ ಏಪ್ರಿಲ್ 13ರಂದು ಅಪೋಫಿಸ್ ನೆಲದಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ ಹಾದು ಹೋಗಲಿದೆ, ಅಷ್ಟೇ.

ಇಳಿದ ಸುದ್ದಿಗೆ ವಾಹಿನಿಗಳು ಕೊಟ್ಟ ಸಮಯ ಎಷ್ಟೆಂದು ಕೇಳಬೇಡಿ.

ನನ್ನ ಭಯ ಬೇರೆ. 2013ರ ಫೆಬ್ರವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಸುಮಾರು 20 ಮೀಟರಿನ ಕಲ್ಲೊಂದು ಗಾಳಿಯಲ್ಲೇ ಸಿಡಿಯಿತು. ಬೆಳಕು ಕಂಡವರು ಏನಾಯಿತೆಂದು ಕಿಟಕಿಗೆ ಓಡಿದರು. ಬೆಳಕಿನ ಹಿಂದೆ ನಿಧಾನವಾಗಿ ಬಂದ ಆಘಾತದ ಅಲೆ ಗಾಜನ್ನು ಒಡೆದು ಮುಖಕ್ಕೆ ಎರಚಿತು. ಗಾಯಗೊಂಡವರು ಸಾವಿರಕ್ಕೂ ಹೆಚ್ಚು, ಬಹುತೇಕ ಎಲ್ಲ ಗಾಜಿನ ಗಾಯಗಳೇ. ಅದಕ್ಕೆ ಮುಂಚಿತವಾಗಿ ಯಾವ ಶೇಕಡಾವೂ ಇರಲಿಲ್ಲ, ಏಕೆಂದರೆ ಸೂರ್ಯನ ದಿಕ್ಕಿನಿಂದ ಬಂದ ಅದನ್ನು ಯಾರೂ ನೋಡಿರಲಿಲ್ಲ. ಸೂರ್ಯನ ಬಳಿಯ ಆಕಾಶವನ್ನೂ ಹುಡುಕಬಲ್ಲ ಅವರಕ್ತ (ಇನ್‌ಫ್ರಾರೆಡ್) ದೂರದರ್ಶಕವೊಂದನ್ನು, ನಿಯೋ ಸರ್ವೇಯರ್ ಎಂಬುದನ್ನು, ನಾಸಾ ಕಟ್ಟುತ್ತಿದೆ. ಅದು ಕೆಲಸ ಶುರುಮಾಡಿದ ಮೇಲೆ ಇಂಥ ಅಂಕಿಗಳು ಇನ್ನೂ ಹೆಚ್ಚಾಗಿ ಬರುತ್ತವೆ, ಏರುತ್ತವೆ, ಇಳಿಯುತ್ತವೆ. ತಂಗಿಗೆ ಈಗಲೇ ಹೇಳಿಟ್ಟಿದ್ದೇನೆ.